ನನ್ನ ಮದುವೆಯ ದಿನ ವಿಮಾನ ಬಂದುಬಿಟ್ಟ ಬಗ್ಗೆ

ನಮ್ಮೂರಿನ ವಿಮಾನ ನಿಲ್ದಾಣದ ನಿರ್ದೇಶಕರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಉದ್ದನೆಯ ರನ್‌ವೇಗೂ, ಅದರ ಮೇಲೆ ನಿರಾತಂಕವಾಗಿ ಬಿಸಿಲು ಕಾಯಿಸಿಕೊಳ್ಳುವ ನಾಯಿಗಳಿಗೂ, ವಿಮಾನವೇ ಇಲ್ಲದ ಆಕಾಶವನ್ನು ದುರ್ಬೀನಿನಲ್ಲಿ ನೋಡುತ್ತಾ ಕೂರುವ ಗೋಪುರದ ಸಿಬ್ಬಂದಿಗೂ ನನ್ನ ಸವಿನಯ ವಂದನೆಗಳು. ನಾನು ಪೇಟೆ ಬೀದಿಯ ಕನ್ನಡಕದ ಅಂಗಡಿಯವಳು. ತಮಗೆ ಹತ್ತಿರದ್ದು ಓದಲು ಒಂದು, ದೂರದ್ದು ನೋಡಲು ಒಂದು ಕನ್ನಡಕ ಮಾಡಿಕೊಟ್ಟವಳು ನಾನೇ ಆದ್ದರಿಂದ, ಪತ್ರ ಸರಿಯಾಗಿ ಕಾಣಿಸಲಿಲ್ಲ ಎಂಬ ನೆಪವನ್ನು ತಾವು ಹೇಳಲಾರಿರಿ ಎಂಬ ಧೈರ್ಯದಿಂದ, ಈ ದೂರನ್ನು ಊರವರೆಲ್ಲ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟೇ: ನನ್ನ ಮದುವೆಯ ದಿನ ತಮ್ಮ ವಿಮಾನ ನಿಲ್ದಾಣಕ್ಕೆ ವಿಮಾನ ಬಂದಿತು.

ಇದೂ ಒಂದು ದೂರೇ ಎಂದು ಪರವೂರಿನವರು ಕೇಳಬಹುದು. ಅವರಿಗೆ ನಮ್ಮ ನಿಲ್ದಾಣದ ಮಹಿಮೆ ತಿಳಿಯದು. ಅದು ಉದ್ಘಾಟನೆಯಾದ ವರ್ಷ ದಿನಕ್ಕೊಂದು ವಿಮಾನ ಬರುತ್ತಿತ್ತು. ಮರುವರ್ಷ ವಾರಕ್ಕೆ ಮೂರಾಯಿತು, ಆಮೇಲೆ ಒಂದಾಯಿತು, ಕೊನೆಗೆ 'ಬೇಡಿಕೆಗೆ ಅನುಗುಣವಾಗಿ' ಎಂಬ ಸುಂದರ ಪದಪುಂಜವಾಯಿತು. ಖಾಲಿ ಹೋದ ಸೀಟುಗಳ ಖರ್ಚನ್ನು ಸರ್ಕಾರವೇ ತುಂಬಿಕೊಡುತ್ತಿದ್ದುದರಿಂದ, ಖಾಲಿ ಸೀಟಿನಷ್ಟು ಒಳ್ಳೆಯ ಪ್ರಯಾಣಿಕ ಜಗತ್ತಿನಲ್ಲೇ ಇಲ್ಲ, ಅದು ನೀರು ಕೇಳುವುದಿಲ್ಲ, ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುವುದಿಲ್ಲ ಎಂಬ ಸತ್ಯವನ್ನು ವಿಮಾನ ಕಂಪನಿಯವರು ಬಹುಬೇಗ ಕಂಡುಕೊಂಡರು. ಹಾರದೇ ಇದ್ದರೆ ಇಂಧನವೂ ಉಳಿಯುತ್ತದೆ ಎಂಬುದು ಅವರ ಮುಂದಿನ ಸಂಶೋಧನೆ.

ಹೀಗೆ ನಿಲ್ದಾಣ ನಷ್ಟದಲ್ಲಿ ಮುಳುಗುತ್ತಿದ್ದಾಗ ತಾವು ತೋರಿದ ಜಾಣ್ಮೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ಬೆಳಗಿನ ಹೊತ್ತು ರನ್‌ವೇಯನ್ನು ಕಾರು ಕಲಿಸುವ ಶಾಲೆಗೆ ಬಾಡಿಗೆಗೆ ಕೊಟ್ಟಿರಿ. ಲಗೇಜು ಸುತ್ತುವ ಪಟ್ಟಿಯ ಮೇಲೆ ಭಾನುವಾರಗಳಂದು ಮಕ್ಕಳನ್ನು ಕೂರಿಸಿ ಸುತ್ತಿಸಿದಿರಿ. ನಿರ್ಗಮನ ಸಭಾಂಗಣವನ್ನು ಮದುವೆಗೆ ಕೊಡಲಾಗುವುದು ಎಂದು ಬೋರ್ಡು ಹಾಕಿದಿರಿ. ಊರಿನಲ್ಲೇ ಅತಿ ದೊಡ್ಡ, ಅತಿ ತಂಪಾದ, ಅತಿ ನಿಶ್ಶಬ್ದವಾದ ಹಾಲ್ ಅದು. "ಅವತ್ತೇನಾದ್ರೂ ವಿಮಾನ ಬಂದ್ರೆ?" ಎಂದು ನಾನು ಕೇಳಿದಾಗ ತಾವು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಮದುಮಗನ ವಿಷಯ ಹೇಳಬೇಕು. ಅವರು ದೂರದ ಊರುಗಳಿಗೆ ಬಸ್ಸು ಓಡಿಸುವ ಚಾಲಕರು. ಹಾರನ್ನನ್ನು ಹಾಡಿನಂತೆ ಬಾರಿಸುವುದರಿಂದ ದಾರಿಯುದ್ದಕ್ಕೂ ಮಕ್ಕಳು ಅವರನ್ನು 'ಹಾರನ್ ಮಾಮ' ಎಂದು ಕರೆಯುತ್ತಾರೆ. ಲೈಸೆನ್ಸು ನವೀಕರಣಕ್ಕೆಂದು ಕಣ್ಣು ಪರೀಕ್ಷಿಸಿಕೊಳ್ಳಲು ನನ್ನ ಅಂಗಡಿಗೆ ಬಂದವರು ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನೂ ಓದಿದರು, ಅದರ ಕೆಳಗೆ ಇರುವೆಯಂತೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದರು. ಕನ್ನಡಕ ಬೇಕಿಲ್ಲ ಎಂದು ನಾನು ಬರೆದುಕೊಟ್ಟ ಮೇಲೂ ವಾರಕ್ಕೊಮ್ಮೆ ಬಂದು, "ಯಾಕೋ ಮಂಜುಮಂಜಾಗಿದೆ, ಇನ್ನೊಂದ್ಸಲ ನೋಡ್ತೀರಾ?" ಎನ್ನುತ್ತಿದ್ದರು. ಇಬ್ಬರಿಗೂ ಐವತ್ತು ದಾಟಿದೆ. ನನ್ನನ್ನು ಇನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದ ನಾನು, ಆ ಕಣ್ಣುಗಳನ್ನು ಇಷ್ಟು ಸಲ ಪರೀಕ್ಷಿಸಿದ ಮೇಲೆ ಬೇಡವೆನ್ನಲಾರದೆ ಒಪ್ಪಿಕೊಂಡೆ.

ಮದುವೆಯ ದಿನ ತಮ್ಮ ಸಿಬ್ಬಂದಿ ತೋರಿದ ಶ್ರದ್ಧೆಗೆ ಸಾಟಿಯಿಲ್ಲ. ಬಂದ ನೆಂಟರಿಷ್ಟರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೆಲ್ಟು ಬಿಚ್ಚಿಸಿ, ಚಪ್ಪಲಿ ಕಳಚಿಸಿ, ಉಡುಗೊರೆಗಳನ್ನು ಯಂತ್ರದೊಳಗೆ ತೂರಿಸಿ, ಯಾರು ಎಷ್ಟು ಬೆಲೆಯದ್ದು ತಂದಿದ್ದಾರೆಂದು ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಮಾಡಿದರು. ಕೇಕು ಕತ್ತರಿಸುವ ಚಾಕುವನ್ನು ವಶಪಡಿಸಿಕೊಂಡರು. ಪ್ರತಿಯೊಬ್ಬರ ಕೈಗೂ ಬೋರ್ಡಿಂಗ್ ಪಾಸ್ ಒಂದನ್ನು ಕೊಟ್ಟಾಗ, ಎಂಥ ಸೊಗಸಾದ ಏರ್ಪಾಡು ಎಂದು ನಾವೆಲ್ಲ ಮೆಚ್ಚಿದೆವು. ನನ್ನ ಅಕ್ಕನಂತೂ ಅದನ್ನು ಬೀಸಣಿಗೆ ಮಾಡಿಕೊಂಡು ಮುಂದಿನ ಸಾಲಿನಲ್ಲೇ ಕೂತಳು. ವಿವಾಹ ನೋಂದಣಾಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. ಆಗ, ಮಾನ್ಯರೇ, ಕಿಟಕಿ ಗಾಜುಗಳು ಗಡಗಡ ನಡುಗಿದವು.

ಮೊದಲು ಎದ್ದು ಓಡಿದವರು ತಾವು. ಮಹಾನಗರದಲ್ಲಿ ಮಂಜು ಮುಸುಕಿದೆಯೆಂದು ಅಲ್ಲಿಗೆ ಹೋಗಬೇಕಿದ್ದ ವಿಮಾನವನ್ನು ಇಲ್ಲಿಗೆ ತಿರುಗಿಸಿದ್ದರಂತೆ. ರನ್‌ವೇ ಮೇಲಿದ್ದ ಕಾರು ಕಲಿಯುವವರು ದಿಕ್ಕಾಪಾಲಾದರು. ಅವರಲ್ಲೊಬ್ಬಾಕೆ ಅವತ್ತೇ ಹಿಮ್ಮುಖವಾಗಿ ಓಡಿಸುವುದನ್ನು ಪಕ್ಕಾ ಕಲಿತರೆಂದು ಕೇಳಿದ್ದೇನೆ. ವಿಮಾನ ಇಳಿಯಿತು, ನಿಂತಿತು, ಮತ್ತು ಅದರ ಪೈಲಟರು ತಮ್ಮ ಕೆಲಸದ ಅವಧಿ ಮುಗಿಯಿತೆಂದು ಹೇಳಿ ಟೋಪಿ ತೆಗೆದು ನಮ್ಮ ಊಟದ ಸಾಲಿನಲ್ಲಿ ಬಂದು ನಿಂತರು. ಪ್ರಯಾಣಿಕರು ಒಬ್ಬೊಬ್ಬರಾಗಿ ಒಳಬಂದು, ಹೂವಿನ ಕಮಾನು, ಬಣ್ಣದ ದೀಪ, ಸೀರೆಯುಟ್ಟ ನನ್ನನ್ನು ನೋಡಿ, ಇದು ಕಂಪನಿಯವರ ಕ್ಷಮಾಪಣೆಯ ವ್ಯವಸ್ಥೆಯೆಂದೇ ತಿಳಿದರು. ಕಂಪನಿಯ ಕೌಂಟರಿನಲ್ಲಿ ವಿಚಾರಿಸಲು ಹೋದವರಿಗೆ ಅಲ್ಲಿ ಸಿಕ್ಕಿದ್ದು ನಮ್ಮ ಐಸ್‌ಕ್ರೀಮಿನ ಡಬ್ಬಿಗಳು ಮಾತ್ರ. ನೌಕರರನ್ನು ತೆಗೆದುಹಾಕಿ ಬಹಳ ಕಾಲವಾಗಿತ್ತಂತೆ. ಇರಲಿ, ಎಲ್ಲರಿಗೂ ಬಡಿಸಿದೆವು, ಎಲ್ಲರೂ ಉಂಡರು, ಒಬ್ಬ ಮಹನೀಯರು ಮುಂದಿನ ಸಲವೂ ಇದೇ ಕಂಪನಿಯಲ್ಲಿ ಬರುತ್ತೇನೆಂದು ನನ್ನ ಕೈಕುಲುಕಿದರು.

ಉಣ್ಣದೆ ನಿಂತಿದ್ದವರು ಒಬ್ಬರೇ. ಸೊಂಟದ ಮೇಲೆ ಪುಟ್ಟ ಹುಡುಗಿಯನ್ನು ಎತ್ತಿಕೊಂಡಿದ್ದ ಒಬ್ಬ ತಾಯಿ. ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮರುದಿನ ಬೆಳಿಗ್ಗೆ ಮಹಾನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಆ ಸರದಿಗಾಗಿ ಅವರು ವರ್ಷದಿಂದ ಕಾದಿದ್ದರು. ಅಂದು ಸಂಜೆಯೊಳಗೆ ಸೇರಿಕೊಳ್ಳದಿದ್ದರೆ ಸರದಿ ಬೇರೆಯವರಿಗೆ ಹೋಗುತ್ತದೆ. "ಟ್ಯಾಕ್ಸಿ ಎಲ್ಲಿ ಸಿಗುತ್ತೆ ಹೇಳಿ, ಅಷ್ಟು ಸಾಕು," ಎಂದು ಆಕೆ ತಮ್ಮನ್ನು ಕೇಳಿದಾಗ, ಊರಿನ ಮೂರೂ ಟ್ಯಾಕ್ಸಿಗಳ ಮಾಲೀಕರು ಸಾಲ ಕೊಟ್ಟವರ ಕಾಟಕ್ಕೆ ಗಾಡಿ ಮಾರಿ ವರ್ಷವಾಗಿದೆಯೆಂದು ತಾವು ಹೇಗೆ ತಾನೇ ಹೇಳಿಯೀರಿ? ತಾವು ಸುತ್ತಲೂ ನೋಡಿದಿರಿ. ಗಾಜಿನಾಚೆ ನಮ್ಮ ದಿಬ್ಬಣದ ಬಸ್ಸು ನಿಂತಿತ್ತು. ತಾವು ನೇರ ಮದುಮಗನ ಬಳಿಗೆ ಬಂದು ಎರಡೂ ಕೈ ಹಿಡಿದುಕೊಂಡಿರಿ.

"ಅಣ್ಣಾ, ನೀವೊಬ್ರೇ ಈಗ ನಮಗೆ ಗತಿ."

ನನ್ನ ಅಕ್ಕ ಬೀಸಣಿಗೆ ಮಡಚಿದಳು. "ಏನ್ ಸ್ವಾಮಿ ಇದು, ಹಾಲ್ ಬಾಡಿಗೆಗೆ ಕೊಟ್ಟು ಮದುಮಗನ್ನ ವಾಪಸ್ ತಗೋತೀರಾ? ಇವತ್ತು ಸಹಿ ಆಗ್ಲಿಲ್ಲ ಅಂದ್ರೆ ಮದುವೆ ನೋಟಿಸಿನ ಅವಧಿ ಮುಗಿಯುತ್ತೆ, ಮತ್ತೆ ಮೊದಲಿಂದ ಶುರು! ನನ್ನ ತಂಗಿ ಇನ್ನೆಷ್ಟು ಕಾಯ್ಬೇಕು?"

ಇವರು ನನ್ನ ಕಡೆ ನೋಡಿದರು. ಮದುಮಗನ ಕೋಟಿನಲ್ಲಿ ಬೆವರುತ್ತಾ, ಹೋಗಲೇ ಎಂದು ಕೇಳಲು ಬಾಯಿ ಬಾರದೆ, ಬಿಟ್ಟು ಹೋಗಲು ಮನಸ್ಸೂ ಬಾರದೆ ನಿಂತಿದ್ದರು. ನನಗೆ ಸಿಟ್ಟು ಬಂದಿತ್ತು, ನಿಜ. ಅಷ್ಟರಲ್ಲಿ ಆ ಹುಡುಗಿ ನನ್ನ ಸೀರೆಯ ಮಿನುಗುವ ಅಂಚನ್ನು ಮುಟ್ಟಿ ನಕ್ಕಳು, ನನಗೆ ಸಿಟ್ಟು ಮಾಡುವ ಅವಕಾಶವೂ ತಪ್ಪಿತು.

"ಬಸ್ ತೆಗೀರಿ," ಎಂದೆ. "ನಾನೂ ಬರ್ತೀನಿ. ರಿಜಿಸ್ಟ್ರಾರ್ ಸಾಹೇಬ್ರೇ, ನೀವೂ ಹತ್ತಿ."

ನೋಂದಣಾಧಿಕಾರಿಗಳು ತಮ್ಮ ಸೇವಾವಧಿಯಲ್ಲಿ ಅಂಥ ಆದೇಶವನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. ಪೆನ್ನಿನ ಮುಚ್ಚಳ ಕೂಡ ಹಾಕದೆ ಹತ್ತಿದರು. ಪ್ರಯಾಣಿಕರು ಹತ್ತಿದರು, ಪೈಲಟರೂ ಹತ್ತಿದರು, ಅಕ್ಕ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿದಳು. ಹುಡುಗಿ ಚಾಲಕರ ಪಕ್ಕದ ಸೀಟೇ ಬೇಕೆಂದು ಹಟ ಹಿಡಿದಳು. ಇವರು ಹಾರನ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟಿದ್ದ ಅವಳು ಬೆಚ್ಚಿಬಿದ್ದು, ಕೈಯನ್ನೇ ನೋಡಿಕೊಂಡು, ಮತ್ತೆ ಇಟ್ಟು, ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಆಮೇಲೆ ದಾರಿಯಲ್ಲಿ ಸಿಕ್ಕ ಒಂದು ಕತ್ತೆಯನ್ನೂ, ಒಂದು ಸೈಕಲ್ಲನ್ನೂ, ಯಾರೂ ಇಲ್ಲದ ತಿರುವುಗಳನ್ನೂ ಬಿಡದೆ ನಾವು ಹಾರನ್ ಬಾರಿಸುತ್ತಾ ಹೋದೆವು. ಹಿಂದಿನ ಸೀಟಿನವರು ಅದಕ್ಕೆ ಚಪ್ಪಾಳೆಯ ತಾಳ ಹಾಕಿದರು. ಪೈಲಟರು ಕಿಟಕಿಯಿಂದ ತಲೆ ಹೊರಹಾಕಿ ಎಡಗಡೆ ಎಷ್ಟು ಜಾಗವಿದೆಯೆಂದು ಹೇಳುತ್ತಿದ್ದರು.

ನಡುದಾರಿಯಲ್ಲಿ ಡೀಸೆಲ್ಲಿಗೆಂದು ಪೆಟ್ರೋಲ್ ಬಂಕಿನಲ್ಲಿ ನಿಂತಾಗ ನೋಂದಣಾಧಿಕಾರಿಗಳು ಎದ್ದು ನಿಂತು, "ಟ್ಯಾಂಕ್ ತುಂಬೋದ್ರೊಳಗೆ ಮುಗಿಸೋಣ," ಎಂದರು. ಎಂಜಿನ್ನಿನ ಮುಚ್ಚಳದ ಮೇಲೆ ಪುಸ್ತಕ ಬಿಚ್ಚಿದರು. ಇವರು ಸೀಟಿನಿಂದ ಏಳದೆಯೇ ಕೈ ಒರೆಸಿಕೊಂಡು ಸಹಿ ಮಾಡಿದರು. ಆಮೇಲೆ ನಾನು ಸಹಿ ಮಾಡಿದೆ. ಅದು ಗೆರೆ ದಾಟಿ ಓಡಿತು, ಆದರೆ ಅದು ಎಂಜಿನ್ನಿನ ಬಿಸಿಗೆ ಎಂದು ನಾನು ಎಲ್ಲರಿಗೂ ಹೇಳಿದೆ. ಸಾಕ್ಷಿಗಳಾಗಿ ಅಕ್ಕ, ಪೈಲಟರು, ಮತ್ತು ಆ ತಾಯಿ ಸಹಿ ಹಾಕಿದರು. ಕೇಕನ್ನು ಬೋರ್ಡಿಂಗ್ ಪಾಸಿನಿಂದ ಕತ್ತರಿಸಿದೆವು. ತಮ್ಮ ನಿಲ್ದಾಣದಲ್ಲಿ ಇಷ್ಟು ಉಪಯೋಗಕ್ಕೆ ಬಂದ ವಸ್ತು ಬೇರೊಂದಿಲ್ಲ.

ಹೊತ್ತು ಮುಳುಗುವ ಮೊದಲೇ ಆಸ್ಪತ್ರೆ ಮುಟ್ಟಿದೆವು. ಆ ತಾಯಿ ಈಚೆಗೆ ಫೋನು ಮಾಡಿದ್ದರು. ಹುಡುಗಿಗೆ ಈಗ ಕೇಳಿಸುತ್ತದಂತೆ. ಬಾಗಿಲು ಹಾಕಿದರೆ, ನೀರು ಸುರಿದರೆ, ಯಾರಾದರೂ ಸೀನಿದರೆ ತಿರುಗಿ ತಿರುಗಿ ನೋಡುತ್ತಾಳಂತೆ. ಇವರು ಫೋನನ್ನು ಬಸ್ಸಿನ ಬಳಿ ಒಯ್ದು ಹಾರನ್ ಒತ್ತಿದರು. ಆ ತುದಿಯಿಂದ ಕಿರುಚಿ ನಕ್ಕ ದನಿ ನಮ್ಮ ಬೀದಿಗೆಲ್ಲ ಕೇಳಿಸಿತು. ಇವರು ಮುಖ ತಿರುಗಿಸಿಕೊಂಡು, "ಯಾಕೋ ಕಣ್ಣು ಮಂಜಾಗಿದೆ," ಎಂದರು. ಈ ಸಲ ನಾನು ಪರೀಕ್ಷೆ ಮಾಡಲಿಲ್ಲ.

ಹೀಗಿರಲು, ಮಾನ್ಯರೇ, ನಾನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಹೋದ ವಾರ ವಿಮಾನ ಕಂಪನಿಯವರಿಂದ ನೋಟಿಸು ಬಂದಿದೆ: ಬೋರ್ಡಿಂಗ್ ಪಾಸ್ ಪಡೆದೂ ವಿಮಾನ ಏರದ ನನ್ನ ಅಷ್ಟೂ ನೆಂಟರಿಗಾಗಿ ನಾನು ದಂಡ ತೆರಬೇಕಂತೆ. ಅದರ ಜೊತೆಗೇ ತಮ್ಮ ವಾರ್ಷಿಕ ವರದಿಯೂ ಪ್ರಕಟವಾಗಿದೆ. ಅದರಲ್ಲಿ ಅದೇ ನೆಂಟರು ಪ್ರಯಾಣಿಕರಾಗಿ ಎಣಿಕೆಯಾಗಿ, ನಿಲ್ದಾಣದ ದಟ್ಟಣೆ ಗಗನಕ್ಕೇರಿ, ಅನುದಾನ ಇನ್ನೊಂದು ವರ್ಷಕ್ಕೆ ಮುಂದುವರಿದಿದೆ. ಗಾಲಿಕುರ್ಚಿಯಲ್ಲಿ ಬಂದಿದ್ದ ನನ್ನ ದೊಡ್ಡಮ್ಮ ತಾನು ಯಾವ ದೇಶಕ್ಕೆ ಹೋಗಿಬಂದೆನೆಂದು ಎಲ್ಲರನ್ನೂ ಕೇಳುತ್ತಿದ್ದಾರೆ.

ಆದ್ದರಿಂದ ನನ್ನ ನಮ್ರ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ದಂಡವನ್ನು ಕಟ್ಟಲು ನಾನು ಸಿದ್ಧಳಿದ್ದೇನೆ, ಆದರೆ ನನ್ನ ನೆಂಟರು ಏರಬೇಕಿದ್ದ ವಿಮಾನವನ್ನು ಕಂಪನಿಯವರು ಮೊದಲು ತೋರಿಸಬೇಕು. ಅಂದು ಹೇಳಿದ ಹೊತ್ತಿಗೆ ಹೊರಟು ಹೇಳಿದ ಹೊತ್ತಿಗೆ ಮುಟ್ಟಿದ ಏಕೈಕ ವಾಹನ ನಮ್ಮವರ ಬಸ್ಸು ಆದುದರಿಂದ, ಅದನ್ನು ವಿಮಾನವೆಂದು ತಮ್ಮ ದಾಖಲೆಯಲ್ಲಿ ಸೇರಿಸಿ, ಗೋಪುರದವರು ಪ್ರತಿದಿನ ಅದಕ್ಕೆ ಕೈಬೀಸಿ ಅನುಮತಿ ಕೊಡಬೇಕು. ಅದಕ್ಕೆ ರೆಕ್ಕೆ ಹಚ್ಚಿಸುವ ಖರ್ಚನ್ನು ಸರ್ಕಾರ ಖಾಲಿ ಸೀಟುಗಳ ಲೆಕ್ಕದಿಂದ ಕೊಡಲಿ. ಇನ್ನು ಮುಂದೆ ಇಳಿಯುವ ಪ್ರತಿ ವಿಮಾನವೂ ಊರಿನ ಗಡಿಯಲ್ಲೇ ಎರಡು ಸಲ ಹಾರನ್ ಬಾರಿಸಬೇಕು. ಕೇಕಿನ ಚಾಕುವನ್ನು, ಅದು ಯಾವ ವಿಮಾನವನ್ನೂ ಅಪಹರಿಸುವ ಇರಾದೆ ಹೊಂದಿಲ್ಲವೆಂದು ಖಚಿತವಾದ ಕೂಡಲೇ, ಮರಳಿಸಬೇಕು.

ತಮ್ಮ ಕನ್ನಡಕಗಳೂ ರನ್‌ವೇಯೂ ಸದಾ ಶುಭ್ರವಾಗಿರಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಪೇಟೆ ಬೀದಿಯ ಕನ್ನಡಕದ ಅಂಗಡಿಯವಳು
(ತಮ್ಮ ವರದಿಯ ಪ್ರಕಾರ: ನಿರ್ಗಮಿಸಿದ ಪ್ರಯಾಣಿಕಳು)

ಮರೆತ ಮಾತು: ಅಕ್ಕನ ಅರವತ್ತನೆಯ ಹುಟ್ಟುಹಬ್ಬವನ್ನು ಬರುವ ತಿಂಗಳ ಮೊದಲ ಶನಿವಾರ ತಮ್ಮ ಹಾಲ್‌ನಲ್ಲೇ ಮಾಡಬೇಕೆಂದಿದ್ದೇವೆ, ದಯವಿಟ್ಟು ಕಾದಿರಿಸಿ. ಅಂದು ವಿಮಾನ ಬಾರದಂತೆ ನೋಡಿಕೊಳ್ಳಿ ಎಂದು ತಮ್ಮನ್ನು ಪೀಡಿಸುವುದಿಲ್ಲ. ಕಂಪನಿಯ ಹೊಸ ವೇಳಾಪಟ್ಟಿಯಲ್ಲಿ ಆ ದಿನ ವಿಮಾನವಿದೆಯೆಂದು ಸ್ಪಷ್ಟವಾಗಿ ಅಚ್ಚಾಗಿರುವುದರಿಂದ ನಾವು ನಿಶ್ಚಿಂತರಾಗಿದ್ದೇವೆ.