ಸೀರೆ ಮುಟ್ಟಿ ಹೇಳುವವನು

ತನ್ನನ್ನು ತಾನು ಅರಿಯಲು ದೊಡ್ಡವರು ಗುಡ್ಡ ಹತ್ತಿದರಂತೆ. ನಾನು ಆಟೋ ಹತ್ತಿದೆ. ಅದೂ ಬೆಟಗೇರಿಯ ನಮ್ಮ ಓಣಿಯಿಂದ ಸೀರೆ ಅಂಗಡಿಯವರೆಗೆ, ಕಾಲಲ್ಲಿ ಬಾತ್‌ರೂಮ್ ಚಪ್ಪಲಿ ಹಾಕಿಕೊಂಡು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಮ್ಮದು ನೇಕಾರರ ಮನೆ. ಮಗ್ಗದ ಮುಂದೆ ಕೂತವನು ಅಣ್ಣ ವೀರಪ್ಪ. ನಾನು ಕೂತರೆ ನೇಯ್ದದ್ದಕ್ಕಿಂತ ಹರಿದ ಎಳೆಯೇ ಹೆಚ್ಚಾಗುತ್ತಿತ್ತು. ಹಾಗಾಗಿ ಅಪ್ಪ ನನ್ನನ್ನು ಓದಿಸಿದರು. ಊರು ಇದನ್ನು ನನ್ನ ಜಾಣತನ ಎಂದುಕೊಂಡಿತು, ನಾನೂ ಹಾಗೇ ಬಿಟ್ಟೆ. ಕಚೇರಿ ಸೇರಿದ ಮೇಲೆ 'ನೇಕಾರರ ಮನಿಯವರು' ಎಂದು ಯಾರೋ ಒಂದು ಸೀರೆ ತಂದು ತೋರಿಸಿದರು. ಸೆರಗು ತಿಕ್ಕಿ, ಕಣ್ಣು ಮುಚ್ಚಿ 'ಕೈಮಗ್ಗದ್ದು' ಎಂದೆ. ಪುಣ್ಯಕ್ಕೆ ಅದು ನಿಜವಾಗಿತ್ತು. ಅಂದಿನಿಂದ ಗದಗಿನಲ್ಲಿ ಯಾರ ಮದುವೆಯಾದರೂ ಸೀರೆಗಳು ಮೊದಲು ನನ್ನ ಟೇಬಲ್ಲಿಗೆ ಬಂದು ಹೋಗುತ್ತಿದ್ದವು. ತಪ್ಪು ಹೇಳಿದರೂ ತಪ್ಪೆನ್ನುವಷ್ಟು ತಿಳಿದವರು ಕಚೇರಿಯಲ್ಲಿ ಯಾರೂ ಇರಲಿಲ್ಲ.

ಕಳೆದ ಭಾನುವಾರ ಸಹೋದ್ಯೋಗಿ, ಮುಂಡರಗಿಯ ಬಸವರಾಜ ಮನೆಗೇ ಬಂದ. ಅಣ್ಣನೂ ಚಹಾಕ್ಕೆಂದು ಬಂದು ಕೂತಿದ್ದ.

"ನೋಡ್ರಿ ಸರ, ಮಗಳ ನಿಶ್ಚಯಕ್ಕ ತಗೊಂಡೀನಿ. ಕೈಮಗ್ಗದ್ದಂತ ಅಂದಾನ ಅಂಗಡಿಯವ."

ಅಣ್ಣ ಎದುರಿಗಿದ್ದ ಅಂತಲೋ ಏನೋ, ನನಗೆ ಹುಮ್ಮಸ್ಸು ಸ್ವಲ್ಪ ಹೆಚ್ಚೇ ಬಂತು. "ಮೋಸ ಹೋದ್ರಿ! ಇಷ್ಟು ಸಾಪ್ ನೇಯ್ಗಿ ಮನಷ್ಯಾನ ಕೈಯಾಗ ಬರೂದಿಲ್ಲ. ಖರೆ ಹೇಳ್ತೀನಿ, ಮಷೀನಿಂದು!"

ಅಣ್ಣ ಅರ್ಧ ಚಹಾ ಹಾಗೇ ಇಟ್ಟು, "ಬರ್ತೀನಿ" ಎಂದು ಎದ್ದು ಹೋದ. ಬಸವರಾಜ ಸೀರೆ ಮಡಚಿಕೊಂಡು ಅಂಗಡಿಯವನ ಮೇಲೆ ಜಗಳಕ್ಕೆ ಹೊರಟ. ಅವನು ಹೊಸ್ತಿಲು ದಾಟಿದ ಮೇಲೆ ಹೆಂಡತಿ ಒಳಗಿನಿಂದ ಬಂದು ಹಣೆ ಬಡಿದುಕೊಂಡಳು.

"ಏನಂದ್ರಿ ನೀವು! ಅದು ಭಾವನವರು ನೇದ ಸೀರಿ. ಹೋದ ವಾರ ಮಗ್ಗದ ಮ್ಯಾಲೆ ನಾನ ನೋಡೀನಿ!"

ಪರರ ಮುಂದೆ ತಮ್ಮನ ಮಾನ ಹೋಗಬಾರದೆಂದು ಅಣ್ಣ ತನ್ನ ಮಾನ ಬಿಟ್ಟು ಎದ್ದು ಹೋಗಿದ್ದ. ಆಗಲೇ ನಾನು ಆಟೋ ಹತ್ತಿದ್ದು.

ಅಂಗಡಿಯಲ್ಲಿ ಮಾಲೀಕ ಕೂಗಾಡುತ್ತಿದ್ದ: "ವೀರಪ್ಪ ನನಗೂ ಟೋಪಿ ಹಾಕಿದ್ನ? ಇನ್ನ ಮ್ಯಾಲೆ ಅವನ ಸೀರಿ ಈ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ!"

"ತಪ್ಪು ನಂದ್ರಿ," ಎಂದೆ. "ನಮ್ಮಣ್ಣ ಕೈಯಾರೆ ನೇದಿದ್ದು ಅದು. ನನಗ ಸೀರಿ ನೋಡಾಕ ಬರಂಗಿಲ್ಲ. ಎಂದೂ ಬಂದಿಲ್ಲ."

ಬಸವರಾಜ ಬಾಯಿ ತೆರೆದು ನಿಂತ. "ಹಂಗಾರ ಇಷ್ಟು ವರ್ಷ ಹೆಂಗ ಹೇಳಿದ್ರಿ?"

"ದೇವರ ಮ್ಯಾಲೆ ಭಾರ ಹಾಕಿ."

ಅಲ್ಲಿಂದ ನೇರ ಅಣ್ಣನ ಮನೆಗೆ ಹೋದೆ. ಅವನು ಮಗ್ಗ ನಿಲ್ಲಿಸಲಿಲ್ಲ. ನಾನು ಎಲ್ಲ ಒಪ್ಪಿಕೊಂಡು ಮುಗಿಸಿದ ಮೇಲೆ ಹೇಳಿದ: "ಲೇ, ನಿನಗೇನೂ ತಿಳಿಯಂಗಿಲ್ಲ ಅನ್ನೂದು ಓಣಿಗೆಲ್ಲಾ ಗೊತ್ತೈತಿ. ನಿನಗೊಬ್ಬಗ ಗೊತ್ತಾಗೂದು ಬಾಕಿ ಇತ್ತು, ಈಗ ಆತು. ಮಷೀನಿನಂಗ ನೇದೀನಿ ಅಂದಿ ನೋಡು, ಅಪ್ಪನೂ ನನ್ನ ಅಷ್ಟು ಹೊಗಳಿರಲಿಲ್ಲ." ನನಗೆ ನಗುವುದೋ ಅಳುವುದೋ ತಿಳಿಯದೆ ಎರಡೂ ಆಯಿತು.

ಮರುದಿನ ಕಚೇರಿಯಲ್ಲಿ ಎಲ್ಲರನ್ನೂ ಕರೆದು, ನನಗೆ ನೇಯ್ಗೆಯ ಗಂಧಗಾಳಿಯೂ ಇಲ್ಲವೆಂದು ಹೇಳಿಬಿಟ್ಟೆ. ಹಗುರವಾದೆ. ಬೆಳ್ಳಟ್ಟಿಯಿಂದ ಬರುವ ನಮ್ಮ ಗುಮಾಸ್ತರು ಮಾತ್ರ ಕೈಮುಗಿದರು. "ತುಂಬಿದ ಕೊಡ ತುಳುಕೂದಿಲ್ಲ ಅಂತಾರಲ್ರಿ, ಇದ ನೋಡ್ರಿ. ಎಷ್ಟು ತಿಳಕೊಂಡಾರ, ಎಷ್ಟು ಸಣ್ಣಾಗಿ ಮಾತಾಡ್ತಾರ!"

ಅವರ ತಿಳುವಳಿಕೆಯನ್ನು ತಿದ್ದಬೇಕು. ತಿದ್ದುತ್ತೇನೆ. ಆದರೆ ವಯಸ್ಸಾದವರು, ಅಷ್ಟು ಭಕ್ತಿಯಿಂದ ಕೈಮುಗಿದಿದ್ದಾರೆ, ತಕ್ಷಣ ಹೇಳಿದರೆ ನೊಂದುಕೊಂಡಾರು ಎಂದು ಒಂದೆರಡು ತಿಂಗಳು ಮುಂದೆ ಹಾಕಿದ್ದೇನೆ.