ಕಣಕುಂಬಿಗೆ ಒಂದು ತಪ್ಪಿಲ್ಲದ ಮಾತು

ನಾನು ಇಲ್ಲಿ ಹೇಳಿದ್ದು ಅಲ್ಲಿ ಬೇರೆಯೇ ಆಗಿ ಮುಟ್ಟುವುದು ನನ್ನ ಹಣೆಬರಹ. ಕಾಲು ನಿಲ್ಲದವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಗುಡ್ಡದ ಮ್ಯಾಲಿನ ಡಬ್ಬಿ

ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಲಾರಿ, ಖಾನಾವಳಿ, ಗೋವಾದ ದೋಣಿ ಎಲ್ಲ ಮುಗಿಸಿ, ಬೆಳಗಾವಿಯ ಒಬ್ಬ ಕಾಲೇಜು ಸರ್ ಹತ್ತಿರ ರೇಡಿಯೋ ಡಬ್ಬಿ ಹೊರುವ ಕೆಲಸಕ್ಕೆ ಸೇರಿದೆ. ಖಾನಾಪುರದ ಆಚೆಯ ಕಾಡಿನಲ್ಲಿ ಫೋನು ಹತ್ತುವುದಿಲ್ಲ. ಗುಡ್ಡದ ಮೇಲೊಂದು ಡಬ್ಬಿ ಇಟ್ಟು, ಈ ಕಡೆಯ ಸಂದೇಶ ಹಿಡಿದು ಆ ಕಡೆ ದಾಟಿಸುವುದು ಸರ್ ಸಂಶೋಧನೆ. ಎಳ್ಳಷ್ಟೂ ತಪ್ಪಬಾರದು.

ಸರ್ ಬಂಡೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಚುಕ್ಕಿ ಇಟ್ಟರು. “ಒಂದ ಚುಕ್ಕಿ ಅಂದ್ರ ಒಂದ ಸಂದೇಶ. ಯಾವ ಎರಡು ಅದಲುಬದಲಾಗಬಹುದೋ ಅವುಗಳ ನಡುವ ಗೆರಿ ಎಳಿ. ಆಮ್ಯಾಲ ತಮ್ಮತಮ್ಮೊಳಗ ಗೆರಿ ಇಲ್ಲದ ಚುಕ್ಕಿ ಅಷ್ಟ ಆರಿಸ್ಕೊ. ಅವನ್ನ ಕಳಿಸಿದ್ರ ತಪ್ಪ ಆಗೂದಿಲ್ಲ.”

“ಉಳದದ್ದು ರೀ?”

“ಬಿಟ್ಟುಬಿಡೂದು.”

ನಮ್ಮ ಸಾಲಿ ಮಾಸ್ತರರೂ ಇದನ್ನೇ ಮಾಡಿದ್ದರು. ಬಿಟ್ಟ ಚುಕ್ಕಿ ನಾನು.

ನಡುವೆ ಮಾವಶಿ

ನನ್ನ ತಿರುಗಾಟಕ್ಕೆ ಬೇಸತ್ತು ಹೆಂಡತಿ ಅದೇ ಕಾಡಿನ ಕಣಕುಂಬಿಯ ತವರಿಗೆ ಹೋಗಿದ್ದಳು. ವಾಪಸ್ ಕರೆಯಬೇಕು. ಎದುರಿಗೆ ಹೋದರೆ ಅವಳಣ್ಣ ಕಾಲು ಮುರಿಯುತ್ತಾನೆ, ಚೀಟಿ ಬರೆದರೆ ಒಲೆಗೆ ಹಾಕುತ್ತಾನೆ. ಖಾನಾಪುರ ಸ್ಟ್ಯಾಂಡಿನ ಬಾಜು ಚಹಾ ಮಾರುವ, ಎಲ್ಲರಿಗೂ ಚಿಕ್ಕವ್ವನಂತಿರುವ ಮಾವಶಿಗೆ ಫೋನಿನಲ್ಲಿ, “ಸಿಟ್ಟ ಬಿಟ್ಟ ಬಾ ಅಂತ ಹೇಳ ಮಾವಶಿ” ಅಂದೆ. ಮಾವಶಿ ಕಣಕುಂಬಿ ಬಸ್ಸಿನ ಕಂಡಕ್ಟರನಿಗೆ ಹೇಳಿದಳು. ಕಂಡಕ್ಟರ್ ಅಲ್ಲಿ ಹೇಳಿದ್ದು: “ಸಿಟ್ಟ ಬಿಟ್ಟಿದ್ರ ಬರಬೇಕಂತ, ಇಲ್ಲಂದ್ರ ಅಲ್ಲೇ ಇರಬೇಕಂತ.”

ಖಾನಾಪುರಕ್ಕೆ ಹೋಗಿ ಕೇಳಿದರೆ, ತಿರುಗಿ ಬಂದ ಉತ್ತರ, “ನೋಡೂಣು.”

“ಬರ್ತಾಳೋ ಮಗಾ, ಖರೇನ ಬರ್ತಾಳ,” ಅಂದಳು ಮಾವಶಿ.

ಕಂಡಕ್ಟರ್ ಕೆಮ್ಮಿದ. “ಆದ್ರ ಆಕಿ ಬಾಗಿಲಾ ಮುಚ್ಚಿ ಒಳಗಿಂದ ಅಂದಾಳ್ರಿ.”

ಎರಡೇ ಚುಕ್ಕಿ

ಬೆಳಗಾವಿಯ ರಾಮತೀರ್ಥ ನಗರದ ಸರ್ ಮನೆಗೆ ಹೋಗಿ ಅವರ ಮುಂದೆ ಗೋಳು ತೋಡಿಕೊಂಡೆ. ‘ಬರ್ತೀನಿ’, ‘ತಡಿ’, ‘ನೋಡೂಣು’, ‘ಹೋಗ ಅತ್ತ’ ಎಲ್ಲಕ್ಕೂ ಚುಕ್ಕಿ ಇಟ್ಟು ಗೆರೆ ಎಳೆದರು. ಮೀನಿನ ಬಲೆಯಾಯಿತು.

“ಮಾತ ಬ್ಯಾಡೋ, ಸಾಮಾನ ಕಳಿಸು. ನಡುವಿನವರು ಏನೂ ಸೇರಿಸಂಗಿಲ್ಲ. ಬರೂದಾದ್ರ ಆಕಿ ಸ್ಟೀಲ್ ಡಬ್ಬಿ ವಾಪಸ್ ಕಳಿಸ್ಲಿ, ಇಲ್ಲಂದ್ರ ಛತ್ರಿ. ಎರಡ ಚುಕ್ಕಿ, ನಡುವ ಗೆರಿ ಇಲ್ಲ.”

ಅಡಿಗಿ ಮನೆಯಿಂದ ಸರ್ ಹೆಂಡತಿ ಅಂದರು, “ಎರಡ್ಯಾಕ್ರಿ? ನಮ್ಮನ್ಯಾಗ ನೀವು ಒಂದ ‘ಹೂಂ’ ಮ್ಯಾಲ ಸಂಸಾರ ಮಾಡೀರಲ್ಲ.”

ಬಸ್ ಬಂತು

ಖಾನಾಪುರದ ಸಂತೆಗೆ ಬಂದ ನನ್ನ ಹೆಂಡತಿಯ ಕೈಗೆ ಮಾವಶಿ ಡಬ್ಬಿ, ಛತ್ರಿ ಎರಡನ್ನೂ ಕೊಟ್ಟು, ಅರ್ಥ ಬಿಡಿಸಿ ಹೇಳಿದ್ದಳು. ಉತ್ತರ ಬರುವ ದಿನ ಸರ್ ತಾವೇ ಖಾನಾಪುರಕ್ಕೆ ಬಂದರು. ಕಂಡಕ್ಟರ್ ಬಸ್ಸಿನಿಂದಿಳಿದು, ತುಟಿ ಪಿಟಕ್ಕನ್ನದೆ, ಛತ್ರಿ ಕೊಟ್ಟ.

“ಸರ್, ಡಬ್ಬಿ ಅಂತ ತಿಳಿದು ಇದನ್ನ ಕಳಿಸಿರಬಹುದಲ್ರಿ?”

“ಸಾಧ್ಯನ ಇಲ್ಲ.”

“ಸಣ್ಣದೊಂದು ತಪ್ಪರ?”

“ಒಂದೂ ಇಲ್ಲೋ! ಎಷ್ಟ ಚಂದ ಮುಟ್ಟೇತಿ ನೋಡು!” ಸರ್ ನನ್ನ ಬೆನ್ನು ಚಪ್ಪರಿಸಿ, ಕಂಡಕ್ಟರನ ಕೈ ಕುಲುಕಿದರು. ಮಾವಶಿ ನನ್ನ ಮುಖ ನೋಡದೆ ಚಹಾ ಇಟ್ಟಳು. ‘ನೋಡೂಣು’ ಅನ್ನುವ ಒಂದೇ ಮಾತಿನ ಮೇಲೆ ನಾನು ಇಷ್ಟು ದಿನ ಉಂಡು ಮಲಗಿದ್ದೆ. ಅದೂ ಹೋಯಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ಸರ್ ನನ್ನ ಕೈಯಿಂದ ಛತ್ರಿ ತೆಗೆದುಕೊಂಡು, ಬಿಚ್ಚಿ, ಕಾರಿನತ್ತ ನಡೆದರು. ತೋಯಿಸಿಕೊಳ್ಳುತ್ತ ನಿಂತ ನನ್ನ ಕಡೆ ತಿರುಗಿ ಕೂಗಿದರು:

“ಇದು ನನ್ನ ಕಡೆ ಇರಲಿ! ಕ್ಲಾಸಿನ್ಯಾಗ ಹುಡುಗರಿಗೆ ತೋರಸ್ತೀನಿ!”