ಕೊನೆಯ ಅಧ್ಯಾಯಗಳ ಕಪಾಟು

ನಾಗಪುರದ ರಾಮದಾಸಪೇಠದಲ್ಲಿದ್ದ ಮಧ್ಯವಲಯ ಗೋಣಿಚೀಲ ನಿಯಂತ್ರಣ ಕಚೇರಿಯಲ್ಲಿ ೧೯೫೪ನೆಯ ಇಸವಿಯಲ್ಲಿ ಯಾವ ಕೊಲೆಯೂ ನಡೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅದೇ ವರ್ಷ ಆ ಕಚೇರಿಯ ದಫ್ತರದಲ್ಲಿ ನಲವತ್ತೊಂದು ಕೊಲೆಗಾರರ ಹೆಸರುಗಳು ದಾಖಲಾಗಿವೆ, ಪ್ರತಿಯೊಂದು ಹೆಸರಿನ ಕೆಳಗೂ ಹೆಡ್ ಕ್ಲಾರ್ಕರ ಸಹಿ ಇದೆ.

ಕಚೇರಿಯ ಕೆಲಸ ಸರಳವಾದದ್ದು. ಸುತ್ತಲಿನ ಗೋದಾಮುಗಳಲ್ಲಿ ಎಷ್ಟು ಗೋಣಿಚೀಲಗಳಿವೆ, ಅವುಗಳಲ್ಲಿ ಎಷ್ಟು ಹರಿದಿವೆ, ಯಾಕೆ ಹರಿದಿವೆ ಎಂದು ತಿಂಗಳಿಗೊಮ್ಮೆ ದಿಲ್ಲಿಗೆ ತಿಳಿಸಬೇಕು. ಹರಿದ ಚೀಲಗಳ ಶಾಖೆಯನ್ನು ನೋಡಿಕೊಳ್ಳುತ್ತಿದ್ದವನು ಬಿಂದುಮಾಧವ. ವಿಜಾಪುರದ ಕಡೆಯವನು, ಪ್ರಾಮಾಣಿಕ, ಅಕ್ಷರ ದುಂಡಗೆ. ಅವನಿಗಿದ್ದ ಒಂದೇ ಚಟವೆಂದರೆ ಕಾದಂಬರಿ. ಅದೂ ಎಲ್ಲ ಕಾದಂಬರಿಯಲ್ಲ. ಕೊಲೆಯಾಗಬೇಕು, ಇಲ್ಲವೆ ಯಾರಾದರೂ ಮಂಗಳಗ್ರಹಕ್ಕೆ ಹೋಗಬೇಕು, ಅದೂ ಆಗದಿದ್ದರೆ ಒಬ್ಬ ಮಾಂತ್ರಿಕನಾದರೂ ರಾಜಕುಮಾರಿಯನ್ನು ಗಿಳಿ ಮಾಡಬೇಕು.

ಧಾರವಾಡದ ಅಂಗಡಿಯಿಂದ ತಿಂಗಳಿಗೊಂದು ಪಾರ್ಸಲ್ ಬರುತ್ತಿತ್ತು. ಪತ್ತೇದಾರಿ ಬರೆಯುವ ಕವಡಿಮಟ್ಟಿ ಶಾಮರಾಯರು, ಗ್ರಹಗಳ ಕಥೆ ಬರೆಯುವ ಪ್ರೊಫೆಸರ್ ಶನೈಶ್ಚರ, ಮಾಯಾಮಂತ್ರದ ಕಥೆ ಬರೆಯುವ ಹಂಸಗಮನೆ, ಈ ಮೂವರನ್ನು ಬಿಂದುಮಾಧವ ಮನೆಯ ಹಿರಿಯರ ಹಾಗೆ ಕಾಣುತ್ತಿದ್ದ. ಒಮ್ಮೆ ಶಾಮರಾಯರು ಮುನ್ನುಡಿಯಲ್ಲಿ, ಬರೆಯುವಾಗ ತಮಗೆ ನೆಗಡಿಯಾಗಿತ್ತೆಂದು ಹೇಳಿಕೊಂಡಿದ್ದರು. ಬಿಂದುಮಾಧವ ಆವತ್ತೇ ಒಣಶುಂಠಿಯ ಪೊಟ್ಟಣವನ್ನು ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದ. ತಾನು ಓದಿದ ಪುಸ್ತಕಗಳನ್ನು ಕಚೇರಿಯಲ್ಲಿದ್ದ ಇನ್ನೂ ಆರು ಮಂದಿ ಕನ್ನಡಿಗರಿಗೂ ಹಂಚುತ್ತಿದ್ದ. ಹೀಗೆ ಕಾಯಿಲೆ ಹರಡಿತು.

ಜನವರಿ ತಿಂಗಳ ತಖ್ತೆ, ಅಂದರೆ ದಿಲ್ಲಿಯ ವರದಿ, ಬರೆಯುವ ದಿನ ಬಿಂದುಮಾಧವನ ಮೇಜಿನ ಮೇಲೆ ಕನ್ಹಾನ್ ಗೋದಾಮಿನ ಲೆಕ್ಕವಿತ್ತು, ಮೇಜಿನ ಕೆಳಗೆ, ತೊಡೆಯ ಮೇಲೆ, ಶಾಮರಾಯರ ಹೊಸ ಕಾದಂಬರಿಯಿತ್ತು. ಅವನು ನೂರಾ ನಲವತ್ತೆರಡನೆಯ ಪುಟದಲ್ಲಿದ್ದ. ‘ಚೀಲಗಳು ಹರಿಯಲು ಕಾರಣ’ ಎಂಬ ಅಂಕಣದಲ್ಲಿ ಅವನು ದುಂಡಗಿನ ಅಕ್ಷರಗಳಲ್ಲಿ, ‘ಸೋದರಮಾವನ ಮೇಲೆ ಬಲವಾದ ಅನುಮಾನವಿದೆ’ ಎಂದು ಬರೆದ. ತಖ್ತೆ ದಿಲ್ಲಿಗೆ ಹೋಯಿತು.

ಹದಿನೆಂಟು ದಿನಗಳಲ್ಲಿ ದಿಲ್ಲಿಯಿಂದ ಮೂರು ಪ್ರಶ್ನೆಗಳು ಬಂದವು. ಸದರಿ ಸೋದರಮಾವ ಯಾರಿಗೆ ಸೋದರಮಾವ? ಅವನು ಚೀಲಗಳನ್ನು ಚಾಕುವಿನಿಂದ ಹರಿಯುತ್ತಾನೆಯೇ, ಹಲ್ಲಿನಿಂದಲೇ? ಖಾಯಂ ನೌಕರನೋ, ಹಂಗಾಮಿಯೋ?

ಕಚೇರಿಯ ಮುಖ್ಯಸ್ಥರಾದ ಕಂಟ್ರೋಲರ್ ದೇವಧರ ಸಾಹೇಬರು ಮರಾಠಿಯವರು, ನ್ಯಾಯವಂತರು. ಅವರು ಬಿಂದುಮಾಧವನನ್ನು ಕರೆದು ಅರ್ಧ ತಾಸು ವಿಚಾರಿಸಿದರು. ತಪ್ಪು ಪುಸ್ತಕದ್ದಲ್ಲ, ನೌಕರನದ್ದೂ ಅಲ್ಲ, ಕುತೂಹಲದ್ದು ಎಂಬ ತೀರ್ಮಾನಕ್ಕೆ ಬಂದರು. ಮರುದಿನ ಸುತ್ತೋಲೆ ಹೊರಟಿತು.

‘ಸರಕಾರಿ ವೇಳೆಯಲ್ಲಿ ಕೆಲವು ನೌಕರರಿಗೆ ಮುಂದೇನಾಗುವುದೋ ಎಂಬ ಕುತೂಹಲ ಉಂಟಾಗುತ್ತಿರುವುದು ಗಮನಕ್ಕೆ ಬಂದಿದೆ. ಇದು ವಿಷಾದನೀಯ. ಇನ್ನು ಮುಂದೆ ಕಚೇರಿಗಾಗಲಿ ವಸತಿಗಳಿಗಾಗಲಿ ಬರುವ ಪ್ರತಿಯೊಂದು ಕಾದಂಬರಿಯ ಮೊದಲ ಪುಟದಲ್ಲಿ, ಕೊನೆಗೆ ಏನಾಗುತ್ತದೆಂಬುದನ್ನು ಸಕ್ಷಮ ಅಧಿಕಾರಿಯು ಕೆಂಪು ಮಸಿಯಲ್ಲಿ ಬರೆದು ಸಹಿ ಮಾಡತಕ್ಕದ್ದು.’

ಸಕ್ಷಮ ಅಧಿಕಾರಿಯಾಗಿ ಹೆಡ್ ಕ್ಲಾರ್ಕ್ ನರಹರಿರಾಯರು ನೇಮಕವಾದರು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಆದರೆ ಪಂಚಾಂಗವೊಂದನ್ನು ಬಿಟ್ಟು ಬೇರೇನನ್ನೂ ಅವರು ಓದಿರಲಿಲ್ಲ. ಹೀಗಾಗಿ ಪಕ್ಷಪಾತದ ಭಯವಿರಲಿಲ್ಲ.

ನರಹರಿರಾಯರು ಕೆಲಸದಲ್ಲಿ ಕಟ್ಟುನಿಟ್ಟು. ಶಾಮರಾಯರ ಪುಸ್ತಕದ ಮೇಲೆ, ‘ಕೊಲೆಗಾರ: ಪೋಸ್ಟ್‌ಮಾಸ್ತರ ಗೋವಿಂದಾಚಾರಿ. ಸೋದರಮಾವ ನಿರಪರಾಧಿ’ ಎಂದು ಬರೆದರು. ಪ್ರೊಫೆಸರ್ ಶನೈಶ್ಚರರ ಪುಸ್ತಕದ ಮೇಲೆ, ‘ಎಲ್ಲರೂ ಮಂಗಳಗ್ರಹದಿಂದ ಸುಖರೂಪ ವಾಪಸು ಬರುತ್ತಾರೆ. ಯಾರೂ ಕಾಳಜಿ ಮಾಡಬಾರದು’ ಎಂದರು. ಹಂಸಗಮನೆಯ ಪುಸ್ತಕಕ್ಕೆ, ‘ಗಿಳಿಯೇ ರಾಜಕುಮಾರಿ. ಪುಟ ೨೧೧’ ಎಂದು ಷರಾ ಹಾಕಿದರು. ಮಾರ್ಚ್ ತಿಂಗಳಲ್ಲಿ ಕುತೂಹಲದ ಒಂದು ಪ್ರಕರಣವೂ ವರದಿಯಾಗಲಿಲ್ಲ.

ಬಿಂದುಮಾಧವ ಮಾತ್ರ ಇಳಿದುಹೋದ. ಊಟಕ್ಕೆ ಕೂತರೆ ಕಲಸಿದ ಅನ್ನ ಹಾಗೇ ಇರುತ್ತಿತ್ತು. ಅವನ ಹೆಂಡತಿ ವಸುಧಾ ಗದಗಿನವಳು, ಅವನಷ್ಟೇ ಓದುವವಳು, ಅವನಿಗಿಂತ ಸ್ವಲ್ಪ ಜಾಣೆ.

“ಇದೇನ್ರೀ, ಎಲಿ ಮುಂದ ಕೂತು ಜಪಾ ಮಾಡ್ಲಿಕ್ಕತ್ತೀರಿ?” ಎಂದಳು ಒಂದು ದಿನ.

“ಮದಲನೇ ಪಾನಿನಾಗ ಕೊಲೆಗಾರ ನನಗ ನಮಸ್ಕಾರ ಅಂತಾನ, ವಸುಧಾ. ಮುಂದ ಇನ್ನೂರು ಪಾನು ಅವನ ಮಾರಿ ನೋಡಕೋತ ಕೂಡಬೇಕು. ಅವನೂ ಏನೂ ಗೊತ್ತಿಲ್ಲದವರಂಗ ಓಡ್ಯಾಡ್ತಾನ. ನನಗ ನಾಚಿಕಿ ಬರ್ತದ.”

ವಸುಧಾ ತುಪ್ಪ ಬಡಿಸುತ್ತ ಯೋಚಿಸಿದಳು. “ಅಲ್ರೀ, ನರಹರಿರಾಯರಿಗೆ ಕೊಲೆಗಾರನ ಹೆಸರು ಹ್ಯಾಂಗ ಗೊತ್ತಾತು?”

“ಆಫೀಸಿನ ಕೆಲಸಾ ಅಂತ ಓದಿದ್ರು, ಗೊತ್ತಾತು.”

“ಆಫೀಸಿನ ಕೆಲಸದಾಗ ಗೊತ್ತಾದದ್ದನ್ನ ಹೊರಗ ಹೇಳಬಹುದೇನು?”

ಬಿಂದುಮಾಧವ ಎಡಗೈಯಿಂದ ಅವಳ ಕೈ ಹಿಡಿದುಕೊಂಡ. ಆಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡ.

ಮರುದಿನ ಅವನು ಸಾಹೇಬರಿಗೆ ನಾಲ್ಕು ಪುಟದ ಟಿಪ್ಪಣಿ ಸಲ್ಲಿಸಿದ. ಕರ್ತವ್ಯದ ಮೇಲಿರುವಾಗ ತಿಳಿದ ಸಂಗತಿಯನ್ನು ಕೆಂಪು ಮಸಿಯಲ್ಲಿ ಜಾಹೀರು ಮಾಡುವುದು ಸರಕಾರಿ ಗುಟ್ಟನ್ನು ಬಯಲು ಮಾಡಿದಂತೆ ಆಗುವುದಿಲ್ಲವೇ ಎಂದು ಅದರಲ್ಲಿ ವಿನಯದಿಂದ ಕೇಳಲಾಗಿತ್ತು. ದೇವಧರ ಸಾಹೇಬರು ಅದನ್ನೋದಿ ಬೆವರಿದರು. ಅವತ್ತು ಸಂಜೆಯೊಳಗೆ ಎಲ್ಲ ಕೆಂಪು ಷರಾಗಳ ಮೇಲೂ ಕಂದು ಕಾಗದ ಅಂಟಿಸಲಾಯಿತು. ಪ್ರತಿ ಕಾದಂಬರಿಯ ಕೊನೆಯ ಅಧ್ಯಾಯವನ್ನು ಕತ್ತರಿಸಿ, ಲಕೋಟೆಗೆ ಹಾಕಿ, ಅರಗಿನ ಮುದ್ರೆಯೊತ್ತಿ, ಕಬ್ಬಿಣದ ಕಪಾಟಿನಲ್ಲಿಡಲಾಯಿತು. ಕಪಾಟಿನ ಮೇಲೆ ‘ಅತಿ ಗೋಪ್ಯ’ ಎಂಬ ಹಲಗೆ ಬಂತು.

ಬಿಂದುಮಾಧವ ಬಯಸಿದ್ದು ಇಷ್ಟನ್ನಲ್ಲ. ಆದರೆ ಸರಕಾರ ಒಮ್ಮೆ ಕೊಡಲು ಹೊರಟರೆ ಅಳತೆ ನೋಡುವುದಿಲ್ಲ.

ಕೊನೆಯ ಅಧ್ಯಾಯ ಓದಬಯಸುವವರಿಗೆ ಒಂದು ನಮೂನೆ ಇತ್ತು. ಅದರ ಏಳನೆಯ ಅಂಕಣದಲ್ಲಿ ಅರ್ಜಿದಾರನು ಕೊಲೆಗಾರನ ಹೆಸರನ್ನು ಬರೆಯಬೇಕು. ಗುಟ್ಟು ತಿಳಿದವರಿಗೆ ಮಾತ್ರ ಗುಟ್ಟನ್ನು ತೋರಿಸತಕ್ಕದ್ದು ಎಂಬುದು ನಿಯಮ. ಹೆಸರು ತಪ್ಪಾದರೆ ಅರ್ಜಿ ವಜಾ. ಸರಿಯಾದರೆ, ಅದು ಹೇಗೆ ತಿಳಿಯಿತು ಎಂಬುದರ ಬಗ್ಗೆ ವಿಚಾರಣೆ, ವಿಚಾರಣೆ ಮುಗಿಯುವ ತನಕ ಅಮಾನತು.

ಆರು ಮಂದಿ ಅರ್ಜಿ ಹಾಕಿದರು, ಆರೂ ವಜಾ ಆದವು. ಏಪ್ರಿಲ್ ಹನ್ನೆರಡರಂದು ಬಿಂದುಮಾಧವ ಶಾಮರಾಯರ ಹೊಸ ಕಾದಂಬರಿಯ ಬಗ್ಗೆ ಅರ್ಜಿ ಕೊಟ್ಟ. ಏಳನೆಯ ಅಂಕಣದಲ್ಲಿ ‘ಅಡಿಗೆಯ ಸೀನಪ್ಪ’ ಎಂದು ಬರೆದ. ಹದಿನೈದರಂದು ಅವನ ಕೈಗೆ ಅಮಾನತಿನ ಆದೇಶ ಬಂತು.

ಅವನು ಸೈಕಲ್ಲನ್ನು ಬಿಟ್ಟು ಮನೆಗೆ ಓಡಿದ. ದಾರಿಯಲ್ಲಿ ಪೇಢೆ ಕಟ್ಟಿಸಿಕೊಂಡ.

“ವಸುಧಾ! ನನ್ನ ಸಸ್ಪೆಂಡ್ ಮಾಡ್ಯಾರ! ಬಾಯಿ ತೆಗಿ!”

“ಸಸ್ಪೆಂಡ್ ಮಾಡಿದ್ದಕ್ಕ ಪೇಢೆ ಹಂಚ್ತೀರೇನ್ರೀ? ತಲಿ ಬರೋಬರ್ ಅದನೋ ಇಲ್ಲೋ?”

“ಅಂದ್ರ ಸೀನಪ್ಪನೇ ಕೊಂದಾನ! ನಾ ಬರದದ್ದು ಖರೇ ಆತು!”

ವಸುಧಾ ಪೇಢೆ ಬಾಯಿಗೆ ಹಾಕಿಕೊಂಡಳು. “ಅವನ ಹೇಂತಿ ಕೊಂದಾಳ ಅಂತ ನಾ ತಿಳಕೊಂಡಿದ್ದೆ,” ಎಂದಳು.

ವಿಚಾರಣೆ ದೇವಧರ ಸಾಹೇಬರ ಕೋಣೆಯಲ್ಲಿ ಮರಾಠಿಯಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಕೊಡಲಾಗಿದೆ. ಗುಟ್ಟು ಬಲ್ಲ ಏಕೈಕ ವ್ಯಕ್ತಿಯಾಗಿ ನರಹರಿರಾಯರೂ ಹಾಜರಿದ್ದರು.

“ಹೆಸರು ನಿಮಗೆ ಯಾರು ಹೇಳಿದರು?”

“ಸಾರು ಹೇಳಿತು, ಸಾಹೇಬರೇ.”

“ಯಾವ ಸಾರು?”

“ದೇಸಾಯರು ಕೊಲೆಯಾದ ದಿನದ ಸಾರು. ಅದಕ್ಕೆ ಉಪ್ಪಿರಲಿಲ್ಲ ಎಂದು ಮೂವತ್ತೊಂದನೆಯ ಪುಟದಲ್ಲಿದೆ. ಇಪ್ಪತ್ತು ವರ್ಷ ಉಪ್ಪು ಮರೆಯದ ಸೀನಪ್ಪ ಆವತ್ತೇ ಯಾಕೆ ಮರೆತ? ಅವನ ಮನಸ್ಸು ಬೇರೆ ಕಡೆ ಇತ್ತು.”

“ನಮ್ಮ ಮನೆಯ ಅಡಿಗೆಯವನು ವಾರಕ್ಕೆ ಮೂರು ಸಲ ಉಪ್ಪು ಮರೆಯುತ್ತಾನೆ,” ಎಂದರು ಸಾಹೇಬರು, ಸ್ವಲ್ಪ ಗಾಬರಿಯಾಗಿ.

“ಹಾಗಾದರೆ ಚಿಂತೆಯಿಲ್ಲ ಸಾಹೇಬರೇ. ಅವನು ನೆಟ್ಟಗೆ ಉಪ್ಪು ಹಾಕಲು ಶುರುಮಾಡಿದರೆ ಮಾತ್ರ ನೋಡಿಕೊಳ್ಳಬೇಕು.”

ಸಾಹೇಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಪುಢೇ ಕಾಯ ಝಾಲಂ? ಮುಂದೇನಾಯಿತು?”

ಬಿಂದುಮಾಧವ ಬೀಗದ ಕೈಯ ಸಂಗತಿ ಹೇಳಿದ, ಕೊಟ್ಟಿಗೆಯಲ್ಲಿ ಸಿಕ್ಕ ಒದ್ದೆ ಪಂಚೆಯ ಸಂಗತಿ ಹೇಳಿದ. ಮಧ್ಯಾಹ್ನದ ಚಹಾ ತಣ್ಣಗಾಯಿತು. ದಿಲ್ಲಿಯಿಂದ ಬಂದ ಟ್ರಂಕ್ ಕಾಲ್ ಅನ್ನು ಸಾಹೇಬರು ಎತ್ತಲಿಲ್ಲ. ಕಡೆಗೆ ಅವರು ನರಹರಿರಾಯರ ಕಡೆ ತಿರುಗಿ, “ಅವನೇ ಏನು?” ಎಂದು ಕೇಳಿದರು.

“ಅದು ಗೋಪ್ಯ, ಸರ್,” ಎಂದರು ನರಹರಿರಾಯರು. ಹೇಳುವಾಗ ಅವರ ಕಣ್ಣು ಒಮ್ಮೆ ಮಿಟುಕಿತು. ಇದನ್ನು ಸೋರಿಕೆ ಎಂದು ದಾಖಲಿಸಿ, ಇನ್ನು ಮುಂದೆ ಅವರು ಕಪ್ಪು ಕನ್ನಡಕ ಧರಿಸತಕ್ಕದ್ದೆಂದು ಆದೇಶಿಸಲಾಯಿತು.

ವಿಚಾರಣೆಯ ತೀರ್ಪು ತೊಡಕಿನದಾಗಿತ್ತು. ಬಿಂದುಮಾಧವನಿಗೆ ಶಿಕ್ಷೆ ಕೊಟ್ಟರೆ ಅವನು ಬರೆದ ಹೆಸರು ಸರಿಯೆಂದು ಕಚೇರಿಯೇ ಒಪ್ಪಿದಂತಾಗುತ್ತದೆ, ಗುಟ್ಟು ಬಯಲಾಗುತ್ತದೆ. ಬಿಟ್ಟುಬಿಟ್ಟರೆ ಅಧಿಕಾರವಿಲ್ಲದೆ ಗುಟ್ಟು ತಿಳಿದವನೊಬ್ಬ ಹೊರಗೆ ಓಡಾಡಿದಂತಾಗುತ್ತದೆ. ಉಳಿದದ್ದು ಒಂದೇ ದಾರಿ: ಅವನಿಗೆ ಅಧಿಕಾರ ಕೊಡುವುದು. ಹೇಗೂ ನರಹರಿರಾಯರು ಮೇ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಬಿಂದುಮಾಧವನನ್ನು ಮುಂದಿನ ಸಕ್ಷಮ ಅಧಿಕಾರಿಯನ್ನಾಗಿ, ಅವನು ಅರ್ಜಿ ಕೊಟ್ಟ ಏಪ್ರಿಲ್ ಹನ್ನೆರಡರಿಂದಲೇ ಅನ್ವಯವಾಗುವಂತೆ ನೇಮಿಸಲಾಯಿತು.

ನರಹರಿರಾಯರು ಹೋಗುವಾಗ ತಮಗೆ ತಿಳಿದದ್ದನ್ನೆಲ್ಲ ಮರೆತಿರುವುದಾಗಿ ಪ್ರಮಾಣಪತ್ರ ಕೊಡಬೇಕಿತ್ತು. ಪರೀಕ್ಷೆಗಾಗಿ ಸಾಹೇಬರು, “ದೇಸಾಯರನ್ನು ಕೊಂದವರು ಯಾರು?” ಎಂದು ಕೇಳಿದರು.

“ಯಾವ ದೇಸಾಯರು?” ಎಂದರು ರಾಯರು.

ಅವರಿಗೆ ಹಾರ ಹಾಕಿ ಬೀಳ್ಕೊಡಲಾಯಿತು.

ಹೊಸ ಹುದ್ದೆಗೆ ಬಂದ ಮೇಲೆ ಬಿಂದುಮಾಧವನಿಗೆ ಇನ್ನೊಂದು ನಿಯಮ ತಿಳಿಯಿತು. ಸಕ್ಷಮ ಅಧಿಕಾರಿಯು ಕೊನೆಯ ಅಧ್ಯಾಯವನ್ನು ಮಾತ್ರ ಓದತಕ್ಕದ್ದು. ಹಿಂದಿನ ಅಧ್ಯಾಯಗಳನ್ನು ಓದಿದರೆ ಅವನ ಮನಸ್ಸಿನಲ್ಲಿ ಯಾರಾದರೊಬ್ಬರ ಮೇಲೆ ಅನುಮಾನ ಹುಟ್ಟಿ ನಿಷ್ಪಕ್ಷಪಾತಕ್ಕೆ ಧಕ್ಕೆ ಬರಬಹುದು. ನರಹರಿರಾಯರು ಇದನ್ನು ಕೊನೆಯ ತನಕ ಪಾಲಿಸಿದ್ದರು. ಅವರಿಗೆ ಅದು ಕಷ್ಟವಾಗಿರಲಿಲ್ಲ. ಬಿಂದುಮಾಧವ ಎರಡು ದಿನ ಕಪಾಟಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತ. ಮೂರನೆಯ ದಿನ ಹಂಸಗಮನೆಯ ಒಂದು ಲಕೋಟೆ ಬಿಚ್ಚಿ, ಯಾರೋ ಸಿಂಹಾಸನದ ಮೇಲೆ ಕೂತು ಅಳುವುದನ್ನು ಓದಿದ. ಯಾಕೆ ಅಳುತ್ತಾರೆಂದು ಊಹಿಸುತ್ತ ಸಂಜೆಯಾಯಿತು. ಹಿಂದೇನಾಯಿತೋ ಎಂಬ ಕುತೂಹಲವೂ ಕುತೂಹಲವೇ ಎಂದು ಅವನಿಗೆ ಹೊಳೆಯಿತು. ಅದರ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ.

ಈ ನೆಮ್ಮದಿ ಆಗಸ್ಟ್ ತನಕ ಇತ್ತು. ನಾಗಪುರದವರಿಗೆ ಕೊನೆಯ ಅಧ್ಯಾಯದ ಉಪಯೋಗವಿಲ್ಲವೆಂಬ ಸುದ್ದಿ ಹೇಗೋ ಧಾರವಾಡಕ್ಕೆ ಮುಟ್ಟಿ, ಅಂಗಡಿಯವರು ಅದಿಲ್ಲದೆಯೇ ಪುಸ್ತಕ ಕಳಿಸತೊಡಗಿದರು. ತಪಾಸಣೆಗೆ ಬಂದ ಅಧಿಕಾರಿಗಳು ಪುಸ್ತಕಗಳನ್ನು ಎಣಿಸಿದರು, ಲಕೋಟೆಗಳನ್ನು ಎಣಿಸಿದರು. ಹದಿನೆಂಟು ಲಕೋಟೆ ಕಡಿಮೆ. ಗುಟ್ಟುಗಳು ಕಾಣೆಯಾಗಿವೆಯೆಂದು ಆಕ್ಷೇಪಣೆ ಬರೆದು ಹೋದರು.

“ಲಕೋಟೆ ಇರಲೇಬೇಕು,” ಎಂದರು ದೇವಧರ ಸಾಹೇಬರು. “ಒಳಗೆ ಅಧ್ಯಾಯವೂ ಇರಬೇಕು. ನೀವು ಬರೆಯಿರಿ.”

“ನಾನೇ? ಹಿಂದಿನದನ್ನು ಓದದೆ?”

“ನಿಯಮ ಹಾಗಿದೆಯಲ್ಲ.”

ಶಾಮರಾಯರ ಕಾದಂಬರಿಗೆ ತಾನು ಕೈ ಹಾಕುವುದೇ! ಬಿಂದುಮಾಧವ ಕ್ಷಮೆ ಬೇಡಿ ಅವರಿಗೆ ಆರು ಪುಟದ ಪತ್ರ ಬರೆದ. ವಾರದಲ್ಲಿ ಕಾರ್ಡು ಬಂತು: ‘ನಿಮ್ಮ ಕಚೇರಿಗೆ ನಾನು ಋಣಿ. ನನಗೂ ಕೊಲೆಗಾರ ಯಾರೆಂದು ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಕೊನೆಗೆ ಬಂದಾಗ ಯಾರು ಸಿಗುತ್ತಾರೋ ಅವರನ್ನು ಹಿಡಿಯುತ್ತಿದ್ದೆ. ಇನ್ನು ನೀವುಂಟು.’

ಬಿಂದುಮಾಧವ ಬೆಳಿಗ್ಗೆ ಹತ್ತೂವರೆಗೆ ಕಪಾಟಿನ ಕೋಣೆ ಸೇರಿ, ಪುಸ್ತಕದ ಹೆಸರನ್ನು ಮಾತ್ರ ಕೇಳಿ ತಿಳಿದುಕೊಂಡು, ಕೊನೆಯ ಅಧ್ಯಾಯ ಬರೆಯತೊಡಗಿದ. ಪಾತ್ರಗಳ ಪಟ್ಟಿಯೊಂದನ್ನು, ಯಾವ ಆರೋಪವನ್ನೂ ನಮೂದಿಸದೆ, ಅವನಿಗೆ ಒದಗಿಸಲಾಗುತ್ತಿತ್ತು. ಬರೆದದ್ದನ್ನು ತಾನೇ ಮೊಹರು ಮಾಡುತ್ತಿದ್ದ. ಓದುವ ಹಕ್ಕಿದ್ದವನೂ ಅವನೊಬ್ಬನೇ.

ಒಂದು ಸಂಜೆ ವಸುಧಾ ಜಗುಲಿಯಲ್ಲಿ ಕೂತು ಶಾಮರಾಯರ ಹೊಸ ಪುಸ್ತಕವನ್ನು ಕೊನೆಯಿಲ್ಲದ ಕೊನೆಗೆ ತಂದು ಮುಟ್ಟಿಸಿದಳು.

“ಯಾರು ಕೊಂದಾರ್ರೀ ಇದರಾಗ?”

“ಗೋಪ್ಯ ಅದ. ಯಾವ ಪುಸ್ತಕ ಅದು?”

ಆಕೆ ಹೆಸರು ಹೇಳಿದಳು.

“ಅದೇನು! ಅದನ್ನ ನಾ ಇನ್ನೂ ಬರದಿಲ್ಲ.”

“ಹಂಗಾದ್ರ ಆ ಹೆಡ್‌ಮಾಸ್ತರನ್ನ ಬಿಟ್ಟಬಿಡ್ರೀ. ಅನುಮಾನ ಎಲ್ಲಾ ಅವರ ಮ್ಯಾಲೆ ಬಂದದ. ನಾಕು ಮಂದಿ ಹೆಣ್ಣುಮಕ್ಕಳವ್ರು, ಪಾಪ.”

ಬಿಂದುಮಾಧವ ಎರಡೂ ಕಿವಿ ಮುಚ್ಚಿಕೊಂಡ. “ಮನಿಯಾಗ ಹೇಳಬ್ಯಾಡ! ನಾಳೆ ಆಫೀಸಿಗೆ ಬಂದು ಅರ್ಜಿ ಕೊಡು.”

ಆಕೆ ಮರುದಿನ ಇಸ್ತ್ರಿ ಸೀರೆ ಉಟ್ಟು ಹೋಗಿ ಅರ್ಜಿ ಕೊಟ್ಟಳು. ಅದನ್ನು ಪುರಸ್ಕರಿಸಿ, ಹೆಡ್‌ಮಾಸ್ತರರನ್ನು ಆರೋಪದಿಂದ ಮುಕ್ತಗೊಳಿಸಲಾಗಿದೆಯೆಂದು ಲಿಖಿತವಾಗಿ ತಿಳಿಸಲಾಯಿತು. ಅವರ ಬದಲಿಗೆ ಯಾರನ್ನು ಹಿಡಿಯಲಾಯಿತು ಎಂದು ಆಕೆ ಕೇಳಲಿಲ್ಲ.

ಸುದ್ದಿ ಹಬ್ಬಿತು. ಮುಂದಿನ ಸೋಮವಾರದಿಂದ ಕಪಾಟಿನ ಕೋಣೆಯ ಮುಂದೆ ಜನ ನಿಲ್ಲತೊಡಗಿದರು. ಒಬ್ಬರು ಸವತಿಯನ್ನು ಉಳಿಸಿಕೊಳ್ಳಲು ಬಂದಿದ್ದರು, ಒಬ್ಬರು ಕುಂಟ ಕಾವಲುಗಾರನನ್ನು, ಒಬ್ಬರು ಮಂಗಳಗ್ರಹದಲ್ಲಿ ಬಿಟ್ಟುಬಂದ ನಾಯಿಯನ್ನು. ಕನ್ನಡ ಓದಲು ಬಾರದ ದೇವಧರ ಸಾಹೇಬರು ಎಲ್ಲ ಅಡಿಗೆಯವರ ಪರವಾಗಿ ಒಟ್ಟಿಗೆ ಒಂದು ಅರ್ಜಿ ಹಾಕಿದರು. ನಿಂತವರಿಗೆ ಕಾಲು ನೋಯುವುದನ್ನು ಕಂಡು, ಅಲ್ಲೊಂದು ಬೆಂಚು ಹಾಕಿಸಿಕೊಟ್ಟರು.